ಏಣಿ ಹತ್ತುವ ಮೊದಲು ನೆಲ ನೋಡಿ

(ಯುವ ಅಂಗಳ – ತಿಂಗಳ ಅಂಕಣ)



ಮಳೆಗಾಲ ಮುಗಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಮುಂಬಯಿ, ಠಾಣೆ, ಡೊಂಬಿವಲಿ, ಪುಣೆಗಳ ಹೌಸಿಂಗ್ ಸೊಸೈಟಿಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಮಳೆನೀರು ಕುಡಿದು ಕೊಬ್ಬಿದ ಕಂಪೌಂಡಿನ ಗಿಡಬೇಲಿಯನ್ನು ಕತ್ತರಿಸಿ ಒಪ್ಪ ಮಾಡುವ ಕೆಲಸ. ಮದರಂಗಿ, ದುರಂತ, ದಾಸವಾಳ, ಕಾಗದದ ಹೂವಿನ ಬಳ್ಳಿ – ಮೇ ತಿಂಗಳಲ್ಲಿ ಎದೆಮಟ್ಟಕ್ಕಿದ್ದ ಬೇಲಿ ಈಗ ತಲೆಯ ಮೇಲೆ ಮೂರು ನಾಲ್ಕು ಅಡಿ ಎದ್ದು ನಿಂತಿರುತ್ತದೆ. ಹಬ್ಬಕ್ಕೆ ಮೊದಲು ಅದನ್ನು ಸಮ ಮಾಡಬೇಕೆಂದು ಕಮಿಟಿಯವರು ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಯಾರೋ ಒಬ್ಬರು ದೊಡ್ಡ ಕತ್ತರಿ ಹಿಡಿದು ಬರುತ್ತಾರೆ. ಬೇಲಿ ಎತ್ತರ, ಕೈ ಗಿಡ್ಡ. ಆಗ ಹುಡುಕಾಟ ಆರಂಭವಾಗುತ್ತದೆ. ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿ, ಗಣಪತಿ ಮಂಟಪದಿಂದ ಉಳಿದ ಮೇಜು, ಬಣ್ಣ ಬಳಿಯುವವನು ಬಿಟ್ಟುಹೋದ ಬಿದಿರಿನ ಏಣಿ, ಏನು ಸಿಕ್ಕಿದರೂ ಸರಿ.

"ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೆ?" ಎಂದು ನಮ್ಮಲ್ಲೊಂದು ಗಾದೆಯಿದೆ. ಸಣ್ಣ ಕೆಲಸ ಮಾಡಲಾಗದವನು ದೊಡ್ಡದನ್ನು ಹೇಗೆ ಮಾಡಿಯಾನು ಎಂಬುದು ಅದರ ಅರ್ಥ. ಆದರೆ ನಿಮ್ಮಲ್ಲಿ ಹಲವರು ಬೆಟ್ಟ ಹತ್ತುವವರೇ. ರಾಜಮಾಚಿ, ಹರಿಶ್ಚಂದ್ರಗಡಗಳಿಗೆ ಹೋಗುವಾಗ ಬೂಟು, ಹಗ್ಗ, ಟಾರ್ಚು, ಜೊತೆಗಾರರು ಎಲ್ಲವನ್ನೂ ಹೊಂದಿಸಿಕೊಂಡು ಹೋಗುತ್ತೀರಿ. ಬೆಟ್ಟಕ್ಕೆ ಇಷ್ಟೊಂದು ಮರ್ಯಾದೆ ಕೊಡುವ ನಾವು ಅಟ್ಟಕ್ಕೆ ಮಾತ್ರ ಯಾವ ಮರ್ಯಾದೆಯನ್ನೂ ಕೊಡುವುದಿಲ್ಲ. "ಆರಡಿ ಏನು ಮಹಾ!" ಎಂದುಬಿಡುತ್ತೇವೆ. ಈ ತಿಂಗಳ ಅಂಕಣ ಆ ಆರಡಿಯ ಬಗ್ಗೆ.

ಆರಡಿ ಎಂದರೆ ಎಷ್ಟು?

ಲೆಕ್ಕ ಸರಳ. ಸುಮಾರು ಆರೂವರೆ ಅಡಿ, ಅಂದರೆ 2 ಮೀಟರ್ ಎತ್ತರದಿಂದ ಬೀಳುವವನು ನೆಲ ಮುಟ್ಟಲು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ನೆಲ ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. 3 ಮೀಟರಿನಿಂದ ಬಿದ್ದರೆ ಗಂಟೆಗೆ ಸುಮಾರು 27 ಕಿಲೋಮೀಟರ್. ಸೈಕಲ್ಲನ್ನು ಜೋರಾಗಿ ತುಳಿದು ನೇರವಾಗಿ ಗೋಡೆಗೆ ಡಿಕ್ಕಿ ಹೊಡೆದಂತೆ. ಅದೂ ಕೈಯಲ್ಲಿ ಹರಿತವಾದ ಕತ್ತರಿ, ಕೆಳಗೆ ಪೇವರ್ ಬ್ಲಾಕಿನ ಅಂಚು, ಪಕ್ಕದಲ್ಲಿ ಕಂಪೌಂಡಿನ ಮೇಲಿನ ಕಬ್ಬಿಣದ ಮೊನೆಗಳು. ಮುಕ್ಕಾಲು ಸೆಕೆಂಡಿನಲ್ಲಿ ಯಾರೂ ಏನನ್ನೂ ಹಿಡಿದುಕೊಳ್ಳಲಾರರು, ಕೆಳಗೆ ನಿಂತವರೂ ಹಿಡಿಯಲಾರರು.

ಆದ್ದರಿಂದ ಮೇಲೆ ಹೋದ ಮೇಲೆ ಎಚ್ಚರದಿಂದಿರುತ್ತೇನೆ ಎಂಬ ಮಾತಿಗೆ ಬೆಲೆಯಿಲ್ಲ. ಬೀಳುವುದೋ ಬೀಳದಿರುವುದೋ ಎಂಬುದು ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲೇ, ನೆಲದ ಮೇಲೆಯೇ ತೀರ್ಮಾನವಾಗಿರುತ್ತದೆ. ಏಣಿ ಯಾವುದು, ಅದನ್ನು ಎಲ್ಲಿ ನಿಲ್ಲಿಸಿದ್ದೇವೆ, ಯಾರನ್ನು ಹತ್ತಿಸುತ್ತಿದ್ದೇವೆ ಎಂಬ ಮೂರು ಪ್ರಶ್ನೆಗಳಿಗೆ ನೆಲದ ಮೇಲೆ ನಿಂತವರೇ ಉತ್ತರ ಕೊಡಬೇಕು.

ಬೇಲಿ ಗೋಡೆಯಲ್ಲ

ಮನೆಯಲ್ಲಿ ನಾವು ಏಣಿ ಎನ್ನುವುದನ್ನು ನೀವು ಹೊರಗೆ ಶಿಡಿ ಎಂದು ಕರೆಯುತ್ತೀರಿ. ಹೆಸರು ಯಾವುದಾದರೂ ಜಾತಿ ಮುಖ್ಯವಾಗಿ ಎರಡು. ಒಂದು, ಗೋಡೆಗೆ ಒರಗಿಸುವ ಉದ್ದನೆಯ ಏಣಿ. ಇನ್ನೊಂದು, ತನ್ನ ಕಾಲ ಮೇಲೆ ತಾನೇ ನಿಲ್ಲುವ, ಮಡಿಚುವ ಏಣಿ. ಇದನ್ನೇ ಇಲ್ಲಿಯ ಬಣ್ಣ ಬಳಿಯುವವರು, ವಿದ್ಯುತ್ ಕೆಲಸದವರು 'ಘೋಡಾ' ಎನ್ನುತ್ತಾರೆ.

ಒರಗಿಸುವ ಏಣಿಯ ಗುಟ್ಟನ್ನು ನೀವು ಹನ್ನೊಂದನೆಯ ತರಗತಿಯ ಭೌತಶಾಸ್ತ್ರದಲ್ಲಿ ಓದಿದ್ದೀರಿ. ನುಣುಪಾದ ಗೋಡೆಗೆ ಒರಗಿದ ಏಣಿಯ ಲೆಕ್ಕ ನೆನಪಿದೆಯೇ? ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟ ಆ ಲೆಕ್ಕವೇ ಇಲ್ಲಿ ಜೀವ ಉಳಿಸುವುದು. 60 ಕಿಲೋ ತೂಕದ ಮನುಷ್ಯ ಏಣಿಯ ಮುಕ್ಕಾಲು ಭಾಗ ಏರಿದ್ದಾನೆ ಎಂದುಕೊಳ್ಳಿ. ಏಣಿಯ ತೂಕವನ್ನು ಬದಿಗಿಡೋಣ. ಗೋಡೆಯನ್ನು ಮುಟ್ಟುವ ಎತ್ತರದ ನಾಲ್ಕನೆಯ ಒಂದು ಪಾಲು ದೂರದಲ್ಲಿ ಬುಡವಿದ್ದರೆ, ಬುಡವನ್ನು ಹೊರಕ್ಕೆ ತಳ್ಳುವ ಬಲ ಸುಮಾರು 11 ಕಿಲೋ ತೂಕದಷ್ಟು. ಬುಡವನ್ನು ಅರ್ಧ ಪಾಲು ದೂರಕ್ಕೆ ಎಳೆದರೆ 22 ಕಿಲೋ ದಾಟುತ್ತದೆ. 45 ಡಿಗ್ರಿ ಓರೆ ಮಾಡಿದರೆ 45 ಕಿಲೋ. ಅಷ್ಟನ್ನು ಒದ್ದೆ ನೆಲದ ಮೇಲೆ ತಡೆಯುವುದು ಏಣಿಯ ಕಾಲಿಗೆ ಹಾಕಿದ ಎರಡು ರಬ್ಬರ್ ತುಂಡು ಮಾತ್ರ! ಮನುಷ್ಯ ಮೇಲೇರಿದಷ್ಟೂ ಈ ತಳ್ಳುವಿಕೆ ಹೆಚ್ಚುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಗಟ್ಟಿಯಾಗಿ ನಿಂತಿದ್ದ ಏಣಿ ಮೇಲೆ ಹೋದಾಗ ಜಾರುವುದು ಇದೇ ಕಾರಣಕ್ಕೆ.

ಆದ್ದರಿಂದಲೇ ನಾಲ್ಕಕ್ಕೆ ಒಂದು ಎಂಬ ನಿಯಮ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಏಣಿ 12 ಅಡಿ ಎತ್ತರದಲ್ಲಿ ಗೋಡೆಯನ್ನು ಮುಟ್ಟಿದರೆ ಬುಡ ಗೋಡೆಯಿಂದ 3 ಅಡಿ ದೂರವಿರಬೇಕು. ಅಳತೆ ಪಟ್ಟಿ ಇಲ್ಲವೇ? ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ತೋಳುಗಳನ್ನು ಮುಂದಕ್ಕೆ ಚಾಚಿ. ಅಂಗೈ ಭುಜದ ಮಟ್ಟದ ಮೆಟ್ಟಿಲನ್ನು ಸರಿಯಾಗಿ ಮುಟ್ಟಿದರೆ ಓರೆ ಸರಿಯಾಗಿದೆ ಎಂದರ್ಥ.

ಇಷ್ಟೆಲ್ಲ ಹೇಳಿದ್ದು ಗೋಡೆಯ ವಿಷಯ. ಗಿಡಬೇಲಿ ಗೋಡೆಯಲ್ಲ! ಹೊರಗಿನಿಂದ ನೋಡಿದರೆ ಹಸಿರು ಗೋಡೆಯಂತೆ ಕಂಡರೂ ಒಳಗೆ ಬೆರಳು ದಪ್ಪದ ಕಡ್ಡಿಗಳು, ಮಧ್ಯೆ ಗಾಳಿ. ಏಣಿಯನ್ನು ಅದಕ್ಕೆ ಒರಗಿಸಿದರೆ ಒಂದು ಕಡೆಯ ಕೊಂಬೆ ಮೊದಲು ಬಗ್ಗುತ್ತದೆ, ಏಣಿ ಆ ಕಡೆಗೆ ತಿರುಚಿಕೊಳ್ಳುತ್ತದೆ. ಮೇಲಾಗಿ ನೀವು ಕತ್ತರಿಸುತ್ತಿರುವುದು ಏನನ್ನು? ಏಣಿಗೆ ಆಸರೆಯಾದ ಅದೇ ಕೊಂಬೆಗಳನ್ನು. ಕುಳಿತ ಕೊಂಬೆಯನ್ನೇ ಕಡಿಯುವವನ ಕಥೆಯನ್ನು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೀರಿ. ಬೇಲಿಗೆ ಏಣಿ ಒರಗಿಸಿ ಕತ್ತರಿ ಆಡಿಸುವವನು ಮಾಡುವುದೂ ಅದನ್ನೇ. ಮೊದಲ ನಿಯಮ ಇದು: ಒರಗಿಸುವ ಏಣಿಯನ್ನು ಗಿಡಬೇಲಿಯ ಕೆಲಸಕ್ಕೆ ತರಲೇಬೇಡಿ.

ಘೋಡಾದ ಕಾಲು, ನೆಲದ ಗುಣ

ಹಾಗಾದರೆ ಮಡಿಚುವ ಏಣಿ. ಇದಕ್ಕೆ ಆಸರೆ ಬೇಡ, ಆದರೆ ನಾಲ್ಕೂ ಕಾಲು ನೆಲಕ್ಕೆ ಊರಿರಬೇಕು. ಎರಡು ಭಾಗಗಳನ್ನು ಪೂರ್ತಿ ಅಗಲಿಸಿ, ನಡುವಿನ ಪಟ್ಟಿ ಗಟ್ಟಿಯಾಗಿ ಕೂತಿರಬೇಕು. ಮಡಿಚಿದ ಘೋಡಾವನ್ನೇ ಗೋಡೆಗೆ ಒರಗಿಸಿ ಹತ್ತುವವರನ್ನು ನೀವು ನೋಡಿರುತ್ತೀರಿ. ಅದನ್ನು ಆ ಕೆಲಸಕ್ಕೆ ಮಾಡಿಲ್ಲ, ಅದರ ಕಾಲು ಜಾರುತ್ತದೆ.

ಇನ್ನು ನೆಲ. ಮಳೆಗಾಲ ಮುಗಿದ ಮೇಲಿನ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಮನುಷ್ಯ ಹತ್ತಿದ ಕೂಡಲೇ ಒಂದು ಕಾಲು ಎರಡಿಂಚು ಇಳಿದರೆ ಸಾಕು, ಮೇಲಿನ ತುದಿ ಒಂದಡಿಗೂ ಹತ್ತಿರ ವಾಲಬಹುದು. ಮೆತ್ತನೆಯ ಮಣ್ಣಿನ ಮೇಲೆ ಎರಡೂ ಕಾಲಿಗೆ ಸೇರಿದಂತೆ ಅಗಲವಾದ ಒಂದೇ ಹಲಗೆ ಹಾಕಿ. ನೆಲ ಇಳಿಜಾರಾಗಿದ್ದರೆ ಗಿಡ್ಡವಾದ ಕಡೆ ಇಟ್ಟಿಗೆ ಕೊಡುವುದು ನಮ್ಮವರ ಅಭ್ಯಾಸ. ಇಟ್ಟಿಗೆ ಉರುಳುತ್ತದೆ, ಒಡೆಯುತ್ತದೆ. ಅದರ ಬದಲು ಎತ್ತರದ ಕಡೆಯ ಮಣ್ಣನ್ನೇ ಒಂದಿಷ್ಟು ಅಗೆದು ಸಮ ಮಾಡಿ. ಗಟಾರದ ಮುಚ್ಚಳ, ಚೇಂಬರಿನ ಮುಚ್ಚಳ, ಅಲುಗಾಡುವ ಪೇವರ್ ಬ್ಲಾಕ್ – ಇವುಗಳ ಮೇಲೆ ಏಣಿಯ ಕಾಲು ಬೀಳಕೂಡದು.

ನಾಲ್ಕು ಕಾಲಿನ ಮೇಜು ಸಮವಲ್ಲದ ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನ ಮಣೆ ಕುಂಟುವುದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ ಎಂಬ ರೇಖಾಗಣಿತವೇ ಇದಕ್ಕೆ ಕಾರಣ. ಜಪಾನಿನ ತೋಟಗಾರರು ಮೂರು ಕಾಲಿನ ಏಣಿಯನ್ನು ಬಳಸುವುದು ಇದರಿಂದಲೇ. ಮುಂದಿನ ಒಂಟಿ ಕಾಲನ್ನು ಗಿಡಗಳ ನಡುವೆ ತೂರಿಸಿದರೆ ಏಣಿ ಬೇಲಿಗೆ ಅಂಟಿಕೊಂಡಂತೆ ನಿಲ್ಲುತ್ತದೆ, ಮುಂದಕ್ಕೆ ಬಾಗುವ ಅಗತ್ಯವಿರುವುದಿಲ್ಲ. ಆದರೆ ಇದು ಮಣ್ಣಿನ ಏಣಿ. ಟೈಲ್ಸ್, ಕಾಂಕ್ರೀಟಿನ ಮೇಲೆ ಆ ಒಂಟಿ ಕಾಲು ಜಾರುವ ಭಯವುಂಟು. ಸಮವಾದ ಗಟ್ಟಿ ನೆಲಕ್ಕೆ ನಾಲ್ಕು ಕಾಲಿನ ಘೋಡಾವೇ ಸರಿ.

ಏಣಿಯ ಮುಖ ಬೇಲಿಯ ಕಡೆಗಿರಲಿ. ಏಣಿಯನ್ನು ಬೇಲಿಗೆ ಸಮಾನಾಂತರವಾಗಿ ಅಡ್ಡ ಇಟ್ಟು, ಅದರ ಮೇಲೆ ನಿಂತು ಪಕ್ಕಕ್ಕೆ ತಿರುಗಿ ಕತ್ತರಿಸಿದರೆ ಕತ್ತರಿಯ ಪ್ರತಿ ಒತ್ತೂ ಏಣಿಯನ್ನು ಅದರ ಕಿರಿದಾದ ದಿಕ್ಕಿಗೆ ತಳ್ಳುತ್ತದೆ. ಮೇಲಿನ ಎರಡು ಮೆಟ್ಟಿಲುಗಳ ಮೇಲೆ ನಿಲ್ಲಬೇಡಿ. ಅವು ಕೈಗೆ, ಮೊಣಕಾಲಿಗೆ ಆಸರೆ ಕೊಡಲು ಇರುವಂಥವು. ಹೊಕ್ಕುಳು ಏಣಿಯ ಎರಡು ಪಟ್ಟಿಗಳ ನಡುವೆಯೇ ಇರಲಿ ಎಂಬುದು ಹಳೆಯ, ಒಳ್ಳೆಯ ಸೂತ್ರ. 'ಇನ್ನೊಂದೇ ಕೊಂಬೆ' ಎಂದು ಪಕ್ಕಕ್ಕೆ ಚಾಚಿದಾಗಲೇ ಏಣಿ ಮಗುಚುವುದು. ಇಳಿದು ಏಣಿಯನ್ನು ಎರಡಡಿ ಸರಿಸಿ ಮತ್ತೆ ಹತ್ತಲು ಒಂದು ನಿಮಿಷ ಸಾಕು.

ಏಣಿಯನ್ನೂ ಒಮ್ಮೆ ನೋಡಿ. ಬಿದಿರಿನ ಏಣಿಯಾದರೆ ಸೀಳು, ಸಡಿಲವಾದ ಮೊಳೆ, ಕೊಳೆತ ಹಗ್ಗದ ಕಟ್ಟು. ಅಲ್ಯೂಮಿನಿಯಮ್ಮಿನದಾದರೆ ಬಗ್ಗಿದ ಮೆಟ್ಟಿಲು, ಸವೆದ ರಬ್ಬರ್ ಪಾದ. ಮರದ ಏಣಿಗೆ ಬಣ್ಣ ಬಳಿಯಬಾರದು, ಬಣ್ಣ ಬಿರುಕನ್ನು ಮುಚ್ಚುತ್ತದೆ. ಭಾರತೀಯ ಮಾನಕ ಬ್ಯೂರೋ ಏಣಿಗಳ ಸುರಕ್ಷತೆಗೆಂದೇ 1991ರಲ್ಲಿ ಐ.ಎಸ್. 3696ರ ಎರಡನೆಯ ಭಾಗವನ್ನು ಹೊರತಂದಿತು. ಏಣಿಯಂಥ ಸಾಧಾರಣ ವಸ್ತುವಿಗೂ ರಾಷ್ಟ್ರೀಯ ಮಾನಕವೊಂದು ಬೇಕಾಯಿತು ಎಂದ ಮೇಲೆ ಅದು ತಮಾಷೆಯ ವಸ್ತುವಲ್ಲ ಎಂದು ತಿಳಿಯಿರಿ.

ಎರಡು ಕೈಯ ಕೆಲಸ

ಏಣಿಯ ಮೇಲೆ ಯಾವಾಗಲೂ ಎರಡು ಕಾಲು ಮತ್ತು ಒಂದು ಕೈ, ಹೀಗೆ ಮೂರು ಆಸರೆ ಇರಬೇಕು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಬಲ್ಬು ಹಾಕುವವನಿಗೆ ಇದು ಸಾಧ್ಯ. ಆದರೆ ಬೇಲಿ ಕತ್ತರಿಗೆ ಎರಡು ಹಿಡಿ, ಎರಡು ಕೈ ಬೇಕು. ಅಂದರೆ ಬೇಲಿ ಕತ್ತರಿಸುವವನು ಕೆಲಸದ ಉದ್ದಕ್ಕೂ ಏಣಿಯ ಮೇಲೆ ಕೈ ಬಿಟ್ಟೇ ನಿಂತಿರುತ್ತಾನೆ. ಅವನಿಗಿರುವ ಮೂರನೆಯ ಆಸರೆ ಎಂದರೆ ಮೇಲಿನ ಮೆಟ್ಟಿಲಿಗೆ ತಾಗಿಸಿದ ಮೊಣಕಾಲು ಮಾತ್ರ. ಆದ್ದರಿಂದ ಏಣಿ ಸಣ್ಣ ಕೆಲಸಕ್ಕಷ್ಟೇ ಸರಿ. ಒಂದೇ ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಏಣಿಯ ಮೇಲಿರಬೇಕಾದರೆ ಬೇರೆ ಸಾಧನ ಹುಡುಕಿ ಎನ್ನುವುದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಸಲಹೆ. ಐವತ್ತು ಅಡಿ ಬೇಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆಯೇ?

ಉದ್ದನೆಯ ಬೇಲಿಗೆ ಬೇಕಾದುದು ಅಟ್ಟಣಿಗೆ. ಗಟ್ಟಿಯಾದ ಎರಡು ಘೋಡಾಗಳ ನಡುವೆ ಅಗಲವಾದ ಹಲಗೆ ಹಾಸಿ, ಅದರ ಮೇಲೆ ನಿಂತು ಕೆಲಸ ಮಾಡುವುದು. ಮುಂಬಯಿಯ ಕಟ್ಟಡಗಳಿಗೆ ಬಿದಿರು ಕಟ್ಟುವುದನ್ನು ನೀವು ನೋಡಿದ್ದೀರಿ. ಮರಾಠಿಯಲ್ಲಿ ಪರಾಂಚಿ, ಕನ್ನಡದಲ್ಲಿ ಸಾರುವೆ. ಅದರ ಮರಿ ಎನ್ನಿ. ಇದರ ಮೇಲೆ ಎರಡು ಪಾದ ಅಗಲಿಸಿ ನಿಲ್ಲಬಹುದು, ನಾಲ್ಕು ಹೆಜ್ಜೆ ನಡೆಯಬಹುದು, ಎರಡೂ ಕೈ ಕೆಲಸಕ್ಕೆ ಸಿಗುತ್ತವೆ.

ಇದಕ್ಕೂ ನಿಯಮಗಳುಂಟು. ಹಲಗೆ ಎರಡಡಿಯಷ್ಟಾದರೂ ಅಗಲವಿರಲಿ. ಒಂದು ಸಾಲದಿದ್ದರೆ ಎರಡನ್ನು ಜೋಡಿಸಿ ಕಟ್ಟಿ. ಗಂಟು, ಬಿರುಕು ಇರುವ ಮರ ಬೇಡ. ಹಲಗೆಯ ತುದಿಗಳು ಆಸರೆಯಿಂದ ತುಸುವೇ ಹೊರಗಿದ್ದು, ಹಗ್ಗದಿಂದ ಕಟ್ಟಿರಬೇಕು. ಎರಡಡಿ ಹೊರಗೆ ಚಾಚಿದ ಹಲಗೆಯ ತುದಿಗೆ ಕಾಲಿಟ್ಟರೆ ಅದು ಉದ್ಯಾನದ ತೂಗುಹಲಗೆಯಂತೆ ಮೇಲೇಳುತ್ತದೆ. ಅಟ್ಟಣಿಗೆಯ ಮೇಲೆ ಸ್ಟೂಲು, ಡಬ್ಬ, ಇನ್ನೊಂದು ಏಣಿ ಇಡಬೇಡಿ. ಆರಡಿಗಿಂತ ಎತ್ತರಕ್ಕೆ ಬರಿ ಹಲಗೆ ಸಾಲದು, ಸುತ್ತ ಕೈಪಿಡಿ ಇರುವ ಅಟ್ಟಣಿಗೆಯೇ ಬೇಕು. ಚಕ್ರವಿರುವ ಅಟ್ಟಣಿಗೆಗಳು ಬಾಡಿಗೆಗೆ ಸಿಗುತ್ತವೆ. ಹತ್ತುವ ಮೊದಲು ಚಕ್ರಗಳಿಗೆ ಬೀಗ ಹಾಕಿ. ಮೇಲೆ ಮನುಷ್ಯನಿರುವಾಗ ತಳ್ಳಬೇಡಿ.

ವಿದ್ಯುತ್ ಕತ್ತರಿಯನ್ನು ಏಣಿಯ ಮೇಲೆ ಹಿಡಿಯುವ ಯೋಚನೆಯನ್ನೇ ಬಿಡಿ. ಅದರ ತೂಕ, ನಡುಕ, ಕಾಲಿಗೆ ಸುತ್ತಿಕೊಳ್ಳುವ ವಯರು ಮೂರೂ ಅಪಾಯವೇ. ನೆಲದ ಮೇಲೆ ಬಳಸುವಾಗಲೂ ವಯರನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಿ, ಸಂಪರ್ಕ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮೂಲಕ ಬರಲಿ, ಬೇಲಿ ಒದ್ದೆಯಿದ್ದರೆ ಮುಟ್ಟಲೇಬೇಡಿ. ಇದಕ್ಕಿಂತ ಒಳ್ಳೆಯ ಉಪಾಯ ಉದ್ದ ಕೋಲಿನ ಕತ್ತರಿ. ನೆಲದ ಮೇಲೆ ನಿಂತೇ ಹತ್ತಡಿಯವರೆಗೆ ಕತ್ತರಿಸಬಹುದು.

ತಲೆಯೆತ್ತಿ ನೋಡಿ, ಕಿವಿಗೊಡಿ

ನೆಲ ನೋಡಿದ ಮೇಲೆ ಒಮ್ಮೆ ಆಕಾಶವನ್ನೂ ನೋಡಿ. ದಕ್ಷಿಣ ಮುಂಬಯಿಯಲ್ಲಿ ವಿದ್ಯುತ್ತು ಬಹುಮಟ್ಟಿಗೆ ನೆಲದೊಳಗಿನ ಕೇಬಲ್ಲಿನಲ್ಲಿ ಹರಿಯುತ್ತದೆ. ಊರಾಚೆಯ ಬಡಾವಣೆಗಳಲ್ಲಿ, ಪುಣೆ, ಹೈದರಾಬಾದುಗಳ ಅನೇಕ ಕಡೆ ಇಂದಿಗೂ ತಂತಿಗಳು ತಲೆಯ ಮೇಲೆಯೇ ಇವೆ. 11,000 ವೋಲ್ಟಿನ ಬರಿ ತಂತಿಗೆ ಹೊದಿಕೆ ಇರುವುದಿಲ್ಲ. ಅಲ್ಯೂಮಿನಿಯಮ್ ಏಣಿ ಎತ್ತಿ ನಿಲ್ಲಿಸುವಾಗ ಅದರ ತುದಿ ತಂತಿಗೆ ತಾಗಿದರೆ ಮುಗಿಯಿತು. ಒದ್ದೆ ಬಿದಿರಿನಲ್ಲೂ ವಿದ್ಯುತ್ತು ಹರಿಯುತ್ತದೆ. ತಂತಿ ಇದ್ದ ಕಡೆ ಏಣಿಯ ಕೆಲಸವೇ ಬೇಡ. ವಿದ್ಯುತ್ ಕಚೇರಿಗೆ ತಿಳಿಸಿ ಸಂಪರ್ಕ ಕಡಿತಗೊಳಿಸಿದ ಮೇಲೆಯೇ ಮುಂದಿನ ಮಾತು. ಯಾರಾದರೂ ತಾಗಿಸಿಕೊಂಡರೆ ಓಡಿಹೋಗಿ ಅವರನ್ನಾಗಲಿ ಏಣಿಯನ್ನಾಗಲಿ ಹಿಡಿಯಬೇಡಿ, ಇಬ್ಬರೂ ಹೋಗುತ್ತೀರಿ. ಹಬ್ಬಕ್ಕೆ ಬೇಲಿಗೆ ಸುತ್ತಿದ ದೀಪದ ಸರಗಳನ್ನೂ ಮರೆಯಬೇಡಿ.

ಇನ್ನೊಂದು ಅಪಾಯ ಗಿಡದೊಳಗಿದೆ. ಮಳೆಗಾಲದ ನಂತರ ದಟ್ಟ ಬೇಲಿಯಲ್ಲಿ ಕಣಜ ಗೂಡು ಕಟ್ಟಿರುತ್ತದೆ. ಒಂದು ಕಣಜ ಕಚ್ಚಿದರೆ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಆದರೆ ಏಣಿಯ ಮೇಲಿದ್ದವನು ಬೆಚ್ಚಿ ಹಿಂದಕ್ಕೆ ಜಿಗಿಯುತ್ತಾನೆ, ಅವನಿಗೆ ಪೆಟ್ಟಾಗುವುದು ನೆಲದಿಂದ. ಮೊದಲು ನೆಲದಲ್ಲೇ ನಿಂತು ಉದ್ದನೆಯ ಕೋಲಿನಿಂದ ಬೇಲಿಯನ್ನು ತಟ್ಟಿ ಎರಡು ನಿಮಿಷ ದೂರದಿಂದ ನೋಡಿ. ಪಿಕಳಾರದ ಗೂಡು, ಎಲೆ ಹೊಲಿದು ಕಟ್ಟಿದ ಸಿಂಪಿಗದ ಗೂಡು ಕಣ್ಣಿಗೆ ಬಿದ್ದರೆ ಆ ಭಾಗವನ್ನು ಮರಿ ಹಾರುವವರೆಗೆ ಬಿಟ್ಟುಬಿಡಿ. ಹಬ್ಬಕ್ಕೆ ಒಂದು ಗಜ ಬೇಲಿ ಉಬ್ಬಿಕೊಂಡಿದ್ದರೆ ದೇವರೇನೂ ಕೋಪಿಸಿಕೊಳ್ಳುವುದಿಲ್ಲ.

ಹತ್ತುವವರು ಯಾರು?

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ವಸ್ತುಗಳ ವಿಷಯ. ಹತ್ತುವವನು ಮನುಷ್ಯ. ನಿಮ್ಮ ಮನೆಯ ಮಟ್ಟಿಗೆ ಅವರು ನಿಮ್ಮ ತಂದೆಯೇ ಆಗಿರಬಹುದು.

ಊರಿನಲ್ಲಿ ಹುಡುಗರಾಗಿದ್ದಾಗ ಹಲಸಿನ ಮರ, ಮಾವಿನ ಮರ ಏರಿದವರು ಅವರು. ಅಡಿಕೆ ಮರದಿಂದ ಮರಕ್ಕೆ ಹಾರುವವರನ್ನು ಕಣ್ಣಾರೆ ಕಂಡವರು. ಹತ್ತಡಿಯ ಘೋಡಾ ಅವರಿಗೆ ಲೆಕ್ಕಕ್ಕಿಲ್ಲ. ಆದರೆ ನೆನಪಿಗೆ ವಯಸ್ಸಾಗದಿದ್ದರೂ ಮೊಣಕಾಲಿಗೆ ಆಗಿರುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಥಟ್ಟನೆ ಎದ್ದು ನಿಂತಾಗ ತಲೆ ತಿರುಗುವುದುಂಟು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶಜ್ಞಾನ ಕುಂದಿ, ಕಾಲು ಮೆಟ್ಟಿಲ ಮೇಲೆ ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದಿಲ್ಲ. ಎರಡು ನೋಟದ ಕನ್ನಡಕದಲ್ಲಿ ಕೆಳಗಿನ ಗಾಜು ಓದುವುದಕ್ಕೆಂದು ಇರುವುದರಿಂದ ಇಳಿಯುವಾಗ ಮೆಟ್ಟಿಲು ಮಸುಕಾಗಿ ಕಾಣುತ್ತದೆ.

"ಅಪ್ಪ, ನಿಮಗೆ ವಯಸ್ಸಾಯಿತು, ಇಳಿಯಿರಿ" ಎಂದು ನೆರೆಹೊರೆಯವರ ಮುಂದೆ ಹೇಳಿ ನೋಡಿ, ಅವರು ಇನ್ನೊಂದು ಮೆಟ್ಟಿಲು ಮೇಲೆ ಹತ್ತುತ್ತಾರೆ! ಅದಕ್ಕೆ ಬದಲು, "ಅಪ್ಪ, ನಾನು ಹತ್ತುತ್ತೇನೆ, ಗೆರೆ ಸಮ ಬರುತ್ತಿದೆಯೇ ಎಂದು ನೀವು ಕೆಳಗೆ ನಿಂತು ಹೇಳಿ" ಎನ್ನಿ. ಇದು ಬರಿ ಉಪಚಾರದ ಮಾತಲ್ಲ. ಬೇಲಿಯ ಹತ್ತಿರವಿದ್ದವನಿಗೆ ಗೆರೆ ಕಾಣುವುದಿಲ್ಲ. ಎರಡು ಗೂಟಕ್ಕೆ ದಾರ ಕಟ್ಟಿ, ಹತ್ತು ಹೆಜ್ಜೆ ಹಿಂದೆ ನಿಂತು ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಹೇಳುವವರು ಬೇಕೇ ಬೇಕು. ಆ ಕೆಲಸಕ್ಕೆ ಅನುಭವದ ಕಣ್ಣೇ ಸರಿ.

ಇನ್ನೊಬ್ಬನಿದ್ದಾನೆ. ಅವನು ನಿಮ್ಮ ಸೊಸೈಟಿಯ ವಾಚ್‌ಮನ್ ಅಥವಾ ಮಾಲಿ, ಇಲ್ಲವೇ ಪಕ್ಕದ ಕಟ್ಟಡದ ಕೆಲಸದಿಂದ ಅರ್ಧ ದಿನಕ್ಕೆ ಕರೆತಂದ ಕೂಲಿಯವನು. ಮುಂಬಯಿ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಹಳ ಜನ ಬರುತ್ತಾರೆ. ನಿಮ್ಮ ಬೇಲಿ ಕತ್ತರಿಸಲು ಕುರ್ಚಿಯ ಮೇಲೆ ಹತ್ತಿ ನಿಂತವನು ನಿಮ್ಮ ಭಾಷೆಯವನೇ ಆಗಿರಬಹುದು. ಕಮಿಟಿಯವರು 'ಹತ್ತು' ಎಂದರೆ ಅವನು ಹತ್ತುತ್ತಾನೆ. 'ಈ ಕುರ್ಚಿ ಸರಿಯಿಲ್ಲ' ಎಂದು ಹೇಳಿದರೆ ನಾಳೆ ಕೆಲಸವಿರುವುದಿಲ್ಲ ಎಂಬ ಭಯ ಅವನಿಗೆ. ಬಿದ್ದರೆ ಸಂಬಳದ ರಜೆ ಇಲ್ಲ, ಊರಿಗೆ ಹೋಗುವ ಹಣವೂ ನಿಲ್ಲುತ್ತದೆ. ಅವನ ಸೊಂಟ ಮುರಿದರೆ ಒಂದು ಮನೆ ಕೂರುತ್ತದೆ. 'ಬೇಡ' ಎನ್ನುವ ಸ್ವಾತಂತ್ರ್ಯ ಹತ್ತುವವನಿಗಿಲ್ಲದಿದ್ದಾಗ ಹತ್ತಿಸುವವರು ಅದನ್ನು ಹೇಳಬೇಕು. ಬೇಲಿ ನಮ್ಮದು, ಹಬ್ಬ ನಮ್ಮದು, ಬೀಳುವ ಸರದಿ ಮಾತ್ರ ಅವನದು ಎಂದರೆ ನ್ಯಾಯವೇ?

ಇಲ್ಲಿಯೇ ನೀವು ಬೇಕಾಗುವುದು. ನಿಮ್ಮ ಕನ್ನಡ ಅಷ್ಟು ಚೆನ್ನಾಗಿಲ್ಲ ಎಂದು ನೀವು ಸಂಕೋಚಪಡುತ್ತೀರಿ. ಇಷ್ಟು ಸಾಕು: "ಕಾಕಾ, ಸ್ವಲ್ಪ ನಿಲ್ರಿ. ಕುರ್ಚಿ ಮ್ಯಾಲ ಹತ್ತಬ್ಯಾಡ್ರಿ. ಏಣಿ ತರಿಸ್ತೀನಿ, ನಾ ಕೆಳಗ ಹಿಡಕೊಂಡು ನಿಲ್ತೀನಿ." ಈ ಮೂರು ವಾಕ್ಯ ಹೇಳಿ ನೋಡಿ. ನಿಮ್ಮ ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಸಂಘದ ವೇದಿಕೆಯಲ್ಲೂ ಸಿಗಲಾರದು.

ಹಿಡಿದು ನಿಲ್ಲುವುದೆಂದರೆ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಮೊಬೈಲ್ ಅಲ್ಲ. ಎರಡೂ ಕೈ ಪಟ್ಟಿಗಳ ಮೇಲೆ, ಕಣ್ಣು ಹತ್ತಿದವರ ಕಾಲಿನ ಮೇಲೆ, ತಲೆಗೆ ಹೆಲ್ಮೆಟ್. ಕತ್ತರಿಯನ್ನು ಕೈಯಲ್ಲಿ ಹಿಡಿದು ಹತ್ತಲು ಬಿಡಬೇಡಿ. ಹತ್ತಿ ನಿಂತ ಮೇಲೆ ಚೀಲದಲ್ಲಿ ಹಾಕಿ ಹಗ್ಗದಿಂದ ಮೇಲಕ್ಕೆ ಕೊಡಿ. ಹವಾಯಿ ಚಪ್ಪಲಿ ಬೇಡ, ಹಿಂಬದಿ ಮುಚ್ಚಿದ, ಜಾರದ ಅಡಿಯ ಬೂಟಿರಲಿ. ಮಕ್ಕಳನ್ನೂ ವಾಹನಗಳನ್ನೂ ಆ ಕಡೆ ಬಿಡಬೇಡಿ.

ಬೇಲಿಯೇ ತಗ್ಗಲಿ

ಇಷ್ಟೆಲ್ಲ ಓದಿ, "ಒಂದು ಬೇಲಿಗೆ ಇಷ್ಟೊಂದು ರಗಳೆಯೇ?" ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳುತ್ತೇನೆ. ಬೇಲಿ ಹತ್ತಡಿ ಏಕಿರಬೇಕು? ರಸ್ತೆಯವರ ಕಣ್ಣು ತಪ್ಪಿಸಲು ಎನ್ನುತ್ತಾರೆ. ಎದುರು ಕಟ್ಟಡದ ಎರಡನೆಯ ಮಹಡಿಯಿಂದ ಹೇಗೂ ಎಲ್ಲವೂ ಕಾಣುತ್ತದೆ. ದಾರಿಹೋಕನ ಕಣ್ಣಿಗೆ ಐದೂವರೆ ಅಡಿ ಸಾಕು. ಐದೂವರೆ ಅಡಿಯ ಬೇಲಿಯನ್ನು ನೆಲದ ಮೇಲೆ ನಿಂತೇ ಕತ್ತರಿಸಬಹುದು. ಏಣಿಯ ಅಪಾಯದಿಂದ ಪಾರಾಗುವ ಅತಿ ಖಚಿತ ಉಪಾಯ ಏಣಿ ಬೇಕಾಗದಂತೆ ಮಾಡುವುದು.

ಮದರಂಗಿ, ದುರಂತ, ದಾಸವಾಳ, ಕಾಗದದ ಹೂ – ಇವೆಲ್ಲ ಗಟ್ಟಿ ಗಿಡಗಳು. ಕೆಳಮಟ್ಟಕ್ಕೆ ಕತ್ತರಿಸಿದರೂ ಹಳೆಯ ಕಾಂಡದಿಂದ ಚಿಗುರುತ್ತವೆ. ಒಂದೇ ಸಲ ಎಲ್ಲವನ್ನೂ ಬೋಳಿಸಬೇಡಿ. ಪ್ರತಿ ಸಲ ಎತ್ತರದ ಮೂರನೆಯ ಒಂದು ಪಾಲಿನಷ್ಟು ಇಳಿಸಿ, ಮುಂದಿನ ಮಳೆಗಾಲದ ಆರಂಭದಲ್ಲಿ ಉಳಿದದ್ದನ್ನು ಇಳಿಸಿ. ಜೂನ್ ಮಳೆಗೆ ಚಿಗುರು ಬೇಗ ಬರುತ್ತದೆ. ನಂತರ ಮಳೆಗಾಲದುದ್ದಕ್ಕೂ ತಿಂಗಳಿಗೊಮ್ಮೆ ತುದಿ ಸವರುತ್ತಿದ್ದರೆ ಬೇಲಿ ಮತ್ತೆ ತಲೆ ಎತ್ತುವುದಿಲ್ಲ. ಬುಡ ಅಗಲ, ತಲೆ ಕಿರಿದು ಇರುವಂತೆ ಓರೆಯಾಗಿ ಕತ್ತರಿಸಿ. ಆಗ ಬಿಸಿಲು ಕೆಳಗಿನ ಎಲೆಗೂ ತಾಗಿ ಬುಡ ಬೋಳಾಗುವುದಿಲ್ಲ. ಆದರೆ ಮೋರ್‌ಪಂಖಿ ಜಾತಿಯ ಗಿಡಕ್ಕೆ ಇದನ್ನು ಮಾಡಬೇಡಿ. ಎಲೆಯಿಲ್ಲದ ಹಳೆಯ ಕಾಂಡದಿಂದ ಅದು ಚಿಗುರದು. ಸಾಲಾಗಿ ನೆಟ್ಟ ಎತ್ತರದ ಅಶೋಕದಂಥವು ಬೇಲಿಯಲ್ಲ, ಮರಗಳು. ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯಿದೆ ಇರುವುದರಿಂದ ಅವುಗಳಿಗೆ ಕತ್ತಿ ಹಾಕುವ ಮೊದಲು ನಗರಪಾಲಿಕೆಯ ಅನುಮತಿ ಕೇಳಿ. ಆ ಎತ್ತರದ ಕೆಲಸಕ್ಕೆ ಸಾಧನ, ತರಬೇತಿ ಇರುವವರೇ ಬೇಕು.

ಇಷ್ಟಾಗಿಯೂ ಯಾರಾದರೂ ಬಿದ್ದರೆ, ಎತ್ತಿ ಕೂರಿಸುವ, ನೀರು ಕುಡಿಸುವ ನಮ್ಮವರ ಧಾವಂತವನ್ನು ತಡೆಯಿರಿ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎತ್ತುವುದರಿಂದಲೇ ಹೆಚ್ಚಿನ ಹಾನಿ. ಮಲಗಿದಲ್ಲೇ ಅಲುಗಾಡದಂತೆ ನೋಡಿಕೊಂಡು, ರಕ್ತ ಬರುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, 108 ಅಥವಾ 112ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದವನು ಎದ್ದು 'ಏನೂ ಆಗಿಲ್ಲ' ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಅಪಾಯ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಬರುವ ಭಾನುವಾರ ನಿಮಗೊಂದು ಕೆಲಸ. ಕೆಳಗಿಳಿದು ನಿಮ್ಮ ಸೊಸೈಟಿಯ ಬೇಲಿಯ ಎತ್ತರ ಅಳೆಯಿರಿ. ಏಣಿ ಎಲ್ಲಿದೆ, ಅದರ ಕಾಲಿನ ರಬ್ಬರ್ ಉಳಿದಿದೆಯೇ, ಮೆಟ್ಟಿಲು ಅಲುಗುತ್ತದೆಯೇ ನೋಡಿ. ಕಳೆದ ವರ್ಷ ಬೇಲಿ ಕತ್ತರಿಸಿದವರು ಯಾರು, ಯಾವುದರ ಮೇಲೆ ನಿಂತು ಕತ್ತರಿಸಿದರು ಎಂದು ಕೇಳಿ. ಉತ್ತರ ನಿಮಗೆ ಸರಿ ಕಾಣದಿದ್ದರೆ ಕಮಿಟಿಯ ಮುಂದಿನ ಸಭೆಯಲ್ಲಿ ಎದ್ದು ನಿಂತು ಎರಡು ಮಾತು ಹೇಳಿ: ಒಳ್ಳೆಯದೊಂದು ಏಣಿ ಕೊಳ್ಳೋಣ, ಬೇಲಿಯನ್ನು ಐದೂವರೆ ಅಡಿಗೆ ಇಳಿಸೋಣ. ಹುಡುಗರ ಮಾತು ಎಂದು ಯಾರಾದರೂ ನಕ್ಕರೆ ಹನ್ನೊಂದನೆಯ ತರಗತಿಯ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿ. ಅಲ್ಲಿ ಏನು ನಡೆಯಿತೆಂದು ನಮಗೆ ಬರೆದು ತಿಳಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಿಕೊಳ್ಳೋಣ.